ಸಂಜೆ ಬಿಗಿದ ವಾಷರ್ ಬೆಳಿಗ್ಗೆ ಮುರಿಯುವುದೇಕೆ?

ಪುಣೆಯ ಭೋಸರಿಯಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸತು. ಸಂಜೆ ನಟ್ ಕೆಳಗೆ ಬಿಗಿದಿಟ್ಟ ಸ್ಪ್ರಿಂಗ್ ವಾಷರ್‌ಗಳು ಬೆಳಿಗ್ಗೆ ತುಂಡಾಗಿ ಬಿದ್ದಿದ್ದವು. ರಾತ್ರಿ ಯಾರೂ ಮುಟ್ಟಿರಲಿಲ್ಲ. ಬೈಗುಳ ತಿಂದವನು ಮಾತ್ರ ಅವನ್ನು ಬಿಗಿದ ಹುಡುಗ. ಪ್ಲೇಟಿಂಗ್, ಅಂದರೆ ಉಕ್ಕಿಗೆ ಜಿಂಕ್ ಲೇಪಿಸುವ ಕೆಲಸ, ನೋಡಿಕೊಳ್ಳುತ್ತಿದ್ದ ವಿಜಯಪುರ ಕಡೆಯ ಕಾಕಾ ಒಂದು ತುಂಡು ಎತ್ತಿ ನೋಡಿದರು. "ಅವನ ತಪ್ಪಲ್ಲೋ ತಮ್ಮಾ. ಈ ಲಾಟ್ ಓವನ್ ಮಾರಿ ನೋಡಿಲ್ಲ" ಎಂದರು.

ಈ ಕಾಯಿಲೆಗೆ ಹೈಡ್ರೋಜನ್ ಎಂಬ್ರಿಟಲ್‌ಮೆಂಟ್ ಎಂದು ಹೆಸರು: ಹೈಡ್ರೋಜನ್ ಹೊಕ್ಕು ಉಕ್ಕು ಪೆಡಸಾಗುವುದು. ಕಾಯಿಲೆ ಹಳೆಯದೇ. 1875ರಲ್ಲಿ ವಿಲಿಯಂ ಜಾನ್ಸನ್ ಎಂಬವರು ಲಂಡನ್ನಿನ ರಾಯಲ್ ಸೊಸೈಟಿಗೆ ಇದರ ಬಗ್ಗೆ ಬರೆದರು. ಎರಡು ಮೂರು ಸಲ ಬಗ್ಗಿಸಿದರೂ ತಾಳುವ ತಂತಿ, ಕೆಲವೇ ನಿಮಿಷ ಆಸಿಡ್‌ನಲ್ಲಿ ಅದ್ದಿದರೆ ಒಂದೇ ಸಲಕ್ಕೆ ಪಟ್ ಎನ್ನುತ್ತದೆ. ಮುರಿದ ಕಡೆ ಒದ್ದೆ ಮಾಡಿದರೆ ನೊರೆಯಂತೆ ಗುಳ್ಳೆ ಏಳುತ್ತದೆ. ಇನ್ನೂ ಸೋಜಿಗವೆಂದರೆ, ಸುಮ್ನೆ ಬಿಟ್ಟರೆ ತಂತಿ ನಿಧಾನವಾಗಿ ಮೊದಲಿನಂತಾಗುತ್ತದೆ! ರೋಗ, ಕಾರಣದ ಸುಳಿವು, ವಾಸಿಯಾಗುವ ದಾರಿ ಮೂರೂ ಒಂದೇ ಬರಹದಲ್ಲಿದ್ದವು, ಅಲ್ವಾ?

ತುಕ್ಕು ತೆಗೆಯುವ ಆಸಿಡ್ ತೊಟ್ಟಿಯಲ್ಲಿ ಹೈಡ್ರೋಜನ್ ಹುಟ್ಟುತ್ತದೆ. ಜಿಂಕ್ ಪ್ಲೇಟಿಂಗ್ ಮಾಡುವಾಗಲೂ ಹುಟ್ಟುತ್ತದೆ. ಹೆಚ್ಚಿನದು ಗುಳ್ಳೆಯಾಗಿ ಹೋಗಿಬಿಡುತ್ತದೆ. ಸ್ವಲ್ಪ ಮಾತ್ರ ಉಕ್ಕಿನೊಳಗೆ ನುಸುಳುತ್ತದೆ. ಮೇಲೆ ಕೂತ ಜಿಂಕ್ ಅದಕ್ಕೆ ಮುಚ್ಚಳ. ಬಿಗಿದಾಗ ಉಕ್ಕು ಎಲ್ಲಿ ಜಾಸ್ತಿ ಎಳೆದಿರುತ್ತದೋ, ಹೈಡ್ರೋಜನ್ ಅಲ್ಲಿಗೇ ಸರಿದು ಗುಂಪಾಗುತ್ತದೆ. ಆ ನಡಿಗೆಗೆ ಹೊತ್ತು ಬೇಕು. ಅದಕ್ಕೇ ಮುರಿಯುವುದು ಬೆಳಿಗ್ಗೆ, ಬೈಸಿಕೊಳ್ಳುವವನು ಬೇರೆಯವನು. ಮೆತ್ತನೆಯ ಉಕ್ಕು ಹೇಗೋ ತಾಳಿಕೊಳ್ಳುತ್ತದೆ. ಕಾರ್ಬನ್ ಜಾಸ್ತಿಯಿದ್ದು, ಕಾಯಿಸಿ ಗಟ್ಟಿ ಮಾಡಿದ ಸ್ಪ್ರಿಂಗ್ ಉಕ್ಕೇ ಸಿಕ್ಕಿಬೀಳುವುದು.

ಒಳಗೆ ಹೋದದ್ದು ಏನು ಮಾಡುತ್ತದೆ ಎಂಬುದಕ್ಕೆ ಜಗಳ ಮುಗಿದಿಲ್ಲ. ಕಬ್ಬಿಣದ ಪರಮಾಣುಗಳ ಹಿಡಿತ ಸಡಿಲವಾಗುತ್ತದೆ ಎಂದು 1926ರಲ್ಲಿ ಫೈಲ್ ಎಂಬವರು ಹೇಳಿದರು. ಸಣ್ಣ ಟೊಳ್ಳುಗಳಲ್ಲಿ ಅನಿಲ ಸೇರಿ ಒತ್ತುತ್ತದೆ ಎಂದು 1941ರಲ್ಲಿ ಜಾಪ್ಫೆ, ಸಿಮ್ಸ್ ಎಂಬವರು ವಾದಿಸಿದರು. ವರ್ಕ್‌ಶಾಪ್‌ನವರು ತೀರ್ಪಿಗೆ ಕಾಯಲಿಲ್ಲ. ಪ್ಲೇಟಿಂಗ್ ಆದ 4 ಗಂಟೆಯೊಳಗೆ, 190ರಿಂದ 220 ಡಿಗ್ರಿಯಲ್ಲಿ, ಹಲವು ಗಂಟೆ ಬೇಕಿಂಗ್, ಅಂದರೆ ಓವನ್‌ನಲ್ಲಿ ಕಾಯಿಸಿ ಹೈಡ್ರೋಜನ್ ಓಡಿಸುವುದು. ಅಷ್ಟೇ ಉಪಾಯ.

ದೊಡ್ಡವರೂ ಎಡವಿದ್ದಾರೆ. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ–ಓಕ್ಲೆಂಡ್ ಸೇತುವೆಯಲ್ಲಿ, 2008ರಲ್ಲಿ ಮಾಡಿದ್ದ 96 ಭಾರಿ ರಾಡ್‌ಗಳನ್ನು ಬಿಗಿದ ಕೆಲವೇ ದಿನಗಳಲ್ಲಿ 32 ಮುರಿದವು. ಅವು ಕೂತಿದ್ದ ಗುಂಡಿಗಳಲ್ಲಿ ನೀರು ನಿಂತಿತ್ತು; ನೀರಿನಲ್ಲಿ ತುಕ್ಕು ಹಿಡಿಯುವಾಗಲೂ ಹೈಡ್ರೋಜನ್ ಹುಟ್ಟುತ್ತದೆ.

ಭೋಸರಿಯ ಆ ಹುಡುಗನಿಗೆ ಯಾರೂ ಸಾರಿ ಎನ್ನಲಿಲ್ಲ. ಲಾಟ್ ಚೀಟಿಯಲ್ಲಿ ಮಾತ್ರ ಎರಡು ಹೊಸ ಕಾಲಂ ಬಂದವು: ಪ್ಲೇಟಿಂಗ್ ಮುಗಿದ ಹೊತ್ತು, ಓವನ್‌ಗೆ ಹೋದ ಹೊತ್ತು.