ಡಿಗ್ರಿ ಆಮೇಲೆ ಕೇಳಿ, ಮೊದಲು ತೂಕ ಹಾಕಿಸಿ

ಮುಂದೆ ಪುಟ್ಟ ಕೋಣೆಯಿರುವ ಹಳೆಯ ಹಾಫ್-ಕ್ಯಾಬಿನ್ ದೋಣಿ ಕೊಳ್ಳಲು ಹೊರಟವರು ಸಲಹೆಗೆ ಬರುವಾಗ ಒಂದು ಪಟ್ಟಿ ಹಿಡಿದುಕೊಂಡೇ ಬರುತ್ತಾರೆ. ಮಾಡೆಲ್, ಇಸವಿ, ಉದ್ದ, ಬೆಲೆ, ಜೊತೆಗೆ ದಪ್ಪ ಅಕ್ಷರದಲ್ಲಿ ತಳದ ಕೋನ, ಅಂದರೆ ವಿ ಆಕಾರದ ತಳ ಹಿಂಬದಿಯಲ್ಲಿ ಎಷ್ಟು ಓರೆಯಾಗಿ ಏರಿದೆ ಎಂಬುದು. ಒಂದಕ್ಕೆ 21 ಡಿಗ್ರಿ, ಮತ್ತೊಂದಕ್ಕೆ 24. "ಇಪ್ಪತ್ನಾಲ್ಕು ಅಂದ್ರೆ ತೆರೆಗೆ ಇನ್ನೂ ಮೆತ್ತಗೆ ಹೋಗುತ್ತೆ ಅಲ್ವಾ ಸರ್?" ಆ ಮೂರು ಡಿಗ್ರಿಗಾಗಿ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವರು, ಆ ದೋಣಿ ಇವತ್ತು ಎಷ್ಟು ತೂಗುತ್ತದೆ ಎಂದು ಮಾರುವವನನ್ನು ಒಮ್ಮೆಯೂ ಕೇಳಿರುವುದಿಲ್ಲ. ಬ್ರಿಸ್ಬೇನ್, ಸಿಡ್ನಿ, ಮೆಲ್ಬರ್ನ್ ಕಡೆ ನೆಲೆಸಿದ ನಮ್ಮ ಕರಾವಳಿಯ ಹುಡುಗರೂ ಇದಕ್ಕೆ ಹೊರತಲ್ಲ. ಕಡಲು ಗೊತ್ತು, ಅಳಿವೆಯ ಭಯ ಗೊತ್ತು. ಆದರೆ ನಲವತ್ತು ವರ್ಷ ಹಳೆಯ ಫೈಬರ್ ತಳ ಒಳಗೊಳಗೇ ನೀರು ಕುಡಿದು ಕೂತಿರುತ್ತದೆ ಎಂಬುದು ಬೇಗ ಹೊಳೆಯುವುದಿಲ್ಲ.

ನಾನು ಹೇಳುತ್ತಿರುವುದು 1970ರಿಂದ 1995ರ ನಡುವೆ ಆಸ್ಟ್ರೇಲಿಯಾದಲ್ಲಿ ಕಟ್ಟಿದ, ಟ್ರೇಲರಿನ ಮೇಲೆ ಎಳೆಯಬಹುದಾದ, ಐದರಿಂದ ಆರೂವರೆ ಮೀಟರಿನ ದೋಣಿಗಳ ವಿಷಯ. ಹೇನ್ಸ್ ಹಂಟರಿನ ವಿ17, ವಿ19 ಸಾಲು, ಆಮೇಲಿನ ಹೇನ್ಸ್ ಸಿಗ್ನೇಚರ್, ಕ್ರೂಸ್ ಕ್ರಾಫ್ಟ್, ಸೀಫೇರರ್, ಕೆರಿಬಿಯನ್. ಎಲ್ಲವೂ ಒಳ್ಳೆಯ ಹೆಸರುಗಳೇ. ಆದರೆ ಆ ಹೆಸರು ಬಂದದ್ದು ಹೊಸದಾಗಿ, ಒಣಗಿದ ತಳದ ಮೇಲೆ, ಆ ಕಾಲದ ಹಗುರ ಎಂಜಿನ್ ತೂಗುಹಾಕಿಕೊಂಡು ಓಡಿದಾಗ.

ಕೋನದ ಮಹಿಮೆ ಎಲ್ಲಿಂದ ಶುರುವಾಯಿತು ಎಂಬುದನ್ನು ಸ್ವಲ್ಪ ಹೇಳಬೇಕು. ಡೀಪ್-ವೀ ತಳವನ್ನು ರೂಪಿಸಿದವರು ಅಮೆರಿಕದ ರೇ ಹಂಟ್. 1960ರ ಮಯಾಮಿ-ನಸ್ಸೌ ರೇಸಿನಲ್ಲಿ ರಿಚರ್ಡ್ ಬರ್ಟ್ರಮ್ ಅವರ ಮರದ ದೋಣಿ 'ಮಾಪಿ' ಕೆಟ್ಟ ಕಡಲಿನಲ್ಲಿ ಉಳಿದವರನ್ನೆಲ್ಲ ಬಹಳ ಹಿಂದೆ ಬಿಟ್ಟು ಗೆದ್ದಿತು. ಅದರಿಂದಲೇ ಫೈಬರಿನ ಬರ್ಟ್ರಮ್ 31 ಹುಟ್ಟಿತು. ಮೆಲ್ಬರ್ನಿನ ಸ್ಕೋರ್ಸ್‌ಬಿಯಲ್ಲಿ ಇಂಟರ್‌ನ್ಯಾಷನಲ್ ಮರೀನ್ ಕಂಪನಿ ಲೈಸೆನ್ಸ್ ಪಡೆದು ಬರ್ಟ್ರಮ್‌ಗಳನ್ನು ಇಲ್ಲಿಯೇ ಕಟ್ಟಿತು. ಕೆರಿಬಿಯನ್ ಅವರದೇ ಹೆಸರು. ಈ ಕತೆ ಹೇಳುವವರು ಒಂದು ಮಾತು ಬಿಟ್ಟುಬಿಡುತ್ತಾರೆ. ಆ ದೋಣಿಗಳ ಎಂಜಿನ್ ಇದ್ದದ್ದು ಒಡಲಿನ ಒಳಗೆ, ಹೆಚ್ಚುಕಡಿಮೆ ನಡುಭಾಗದಲ್ಲಿ. ನಮ್ಮ ಹಾಫ್-ಕ್ಯಾಬಿನ್‌ಗಳಲ್ಲಿ ಅದು ಟ್ರಾನ್ಸಮ್ಮಿನ, ಅಂದರೆ ದೋಣಿಯ ಹಿಂಗೋಡೆಯ, ಹೊರಗೆ ನೇತಾಡುತ್ತದೆ. ಕೋನ ಎರಡರಲ್ಲೂ ಒಂದೇ ಇರಬಹುದು, ತೂಕ ಕೂತ ಜಾಗ ಬೇರೆ.

ಅದರಿಂದ ಆಗುವುದೇನು? ಡೀಪ್-ವೀ ತಳ ಅಲೆಯನ್ನು ಸೀಳುವುದು ಅದರ ಮುಂಭಾಗ ನೀರಿಗೆ ತಾಗುತ್ತಿದ್ದಾಗ. ಹಿಂದೆ ಭಾರ ಹೆಚ್ಚಾದರೆ ಮೂಗು ಮೇಲೇಳುತ್ತದೆ, ಚೂಪಾದ ಭಾಗ ಗಾಳಿಯಲ್ಲಿ ಉಳಿಯುತ್ತದೆ, ಅಲೆಗೆ ಬಡಿಯುವುದು ನಡುವಿನ ಹೊಟ್ಟೆ. ಎರಡನೆಯ ಪರಿಣಾಮ ಇನ್ನೂ ಮುಖ್ಯವಾದದ್ದು. ದೋಣಿ ನೀರಿನಿಂದ ಮೇಲೆದ್ದು ಜಾರುತ್ತ ಓಡುವುದನ್ನು ಪ್ಲೇನಿಂಗ್ ಎನ್ನುತ್ತೇವಲ್ಲ, ಅದನ್ನು ಉಳಿಸಿಕೊಳ್ಳಲು ಬೇಕಾದ ಕನಿಷ್ಠ ವೇಗ ಏರಿಬಿಡುತ್ತದೆ. ಒಂದೂವರೆ ಮೀಟರಿನ ಒತ್ತೊತ್ತು ತೆರೆಯಲ್ಲಿ ಸುಖವಾಗಿ ಹೋಗಬಹುದಾದ ವೇಗ ಸಾಮಾನ್ಯವಾಗಿ 12ರಿಂದ 14 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಮೀ). ನಿಮ್ಮ ದೋಣಿ 12ರಲ್ಲಿ ಪ್ಲೇನಿಂಗ್ ಉಳಿಸಿಕೊಂಡರೆ ಮನೆಗೆ ಆರಾಮಾಗಿ ಬರುತ್ತೀರಿ. ಅದಕ್ಕೆ 17 ಬೇಕು ಎಂದಾದರೆ ನಿಮಗಿರುವುದು ಎರಡೇ ದಾರಿ: 17ರಲ್ಲಿ ಸೊಂಟ ಮುರಿಯುವಂತೆ ಬಡಿಸಿಕೊಳ್ಳುವುದು, ಇಲ್ಲವೇ 8ರಲ್ಲಿ ಬಾಲ ಎಳೆದುಕೊಂಡು ಮೂರು ಗಂಟೆ ತೆವಳುವುದು. ಆಗ 24 ಡಿಗ್ರಿ ಇದ್ದು ಏನು ಪ್ರಯೋಜನ?

ಎಂಜಿನ್ ಬದಲಾಯಿಸಿದ ದೋಣಿಗಳಲ್ಲಿ ಈ ತೊಂದರೆ ಎದ್ದು ಕಾಣುತ್ತದೆ. ಮೂರು ಸಿಲಿಂಡರಿನ ಹಳೆಯ ಟೂ-ಸ್ಟ್ರೋಕ್ 90 ಎಚ್‌ಪಿ ಸುಮಾರು 120 ಕೆಜಿ. ಇವತ್ತಿನ ಫೋರ್-ಸ್ಟ್ರೋಕ್ 90 ಸುಮಾರು 160. ನಲವತ್ತು ಕೆಜಿ ತಾನೇ ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ. ದೋಣಿಯ ಭಾರಕೇಂದ್ರ ಟ್ರಾನ್ಸಮ್ಮಿನಿಂದ ಎರಡು ಮೀಟರ್ ಮುಂದಿದೆ ಎಂದುಕೊಳ್ಳಿ. ಹಳೆಯ ಎಂಜಿನ್ ಬಾಲವನ್ನು ಕೆಳಕ್ಕೆ ಎಳೆಯುವ ಎಳೆತ, ಅಂದರೆ ತೂಕವನ್ನು ದೂರದಿಂದ ಗುಣಿಸಿದ್ದು, 120 × 2 = 240. ಹೊಸದನ್ನು ನೇರ ಟ್ರಾನ್ಸಮ್ಮಿಗೆ ಹಾಕಿದರೆ 320. ಡೆಕ್ ಖಾಲಿ ಸಿಗಲಿ ಎಂದು ಟ್ರಾನ್ಸಮ್ಮಿನಿಂದ ಹಿಂದಕ್ಕೆ ಚಾಚಿದ 600 ಮಿಲಿಮೀಟರಿನ ಪೆಟ್ಟಿಗೆ, ಅಂದರೆ ಪಾಡ್, ಕಟ್ಟಿ ಅದರಾಚೆ ಹಾಕಿದರೆ 160 × 2.6, ಅಂದರೆ 416. ಎಂಜಿನ್ ತೂಕ ಏರಿದ್ದು ಮೂರನೇ ಒಂದು ಭಾಗ, ಎಳೆತ ಏರಿದ್ದು ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು. ಪಾಡ್ ಒಳಗೆ ಗಾಳಿ ಇದೆ, ತೇಲಿಸುತ್ತದೆ ಎಂದು ಮಾರುವವರು ಹೇಳುವುದು ನಿಂತ ದೋಣಿಯ ಮಟ್ಟಿಗೆ ನಿಜ. ಓಡುವಾಗ ಪಾಡಿನ ತಳ ನೀರಿನಿಂದ ಮೇಲಿರುತ್ತದೆ, ಆಗ ಅದು ಬರೀ ಹೊರೆ. 25 ಕೆಜಿಯ ಎರಡು ಬ್ಯಾಟರಿಗಳನ್ನು ಹಿಂದಿನಿಂದ ತೆಗೆದು ಎರಡೂವರೆ ಮೀಟರ್ ಮುಂದೆ ಕ್ಯಾಬಿನ್ನಿಗೆ ಸಾಗಿಸಿದರೆ 125 ವಾಪಸ್ ಸಿಗುತ್ತದೆ, ಹೆಚ್ಚಿದ್ದು 176. ಇದು ಮೋಟಾದ ಲೆಕ್ಕ, ಪ್ರತಿ ದೋಣಿಯ ಭಾರಕೇಂದ್ರ ಬೇರೆ. ಆದರೆ ದಿಕ್ಕು ಇದೇ.

ಇಷ್ಟು ಹೇಳಿದ ಮೇಲೂ ಎಂಜಿನ್ ಸಣ್ಣ ಸಮಸ್ಯೆಯೇ, ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ಕಾಣದ್ದು ಡೆಕ್ಕಿನ ಅಡಿಯ ನೀರು. ಈ ದೋಣಿಗಳ ಹೊರಮೈ ಫೈಬರ್, ಎಲುಬುಗೂಡು ಮರ. ಟ್ರಾನ್ಸಮ್ಮಿನ ಒಳಗೆ ಪ್ಲೈವುಡ್, ಡೆಕ್ ಪ್ಲೈವುಡ್, ತಳದುದ್ದಕ್ಕೆ ಓಡುವ ಸ್ಟ್ರಿಂಗರ್‌ಗಳು ಫೈಬರ್ ಸುತ್ತಿದ ಮರದ ದಿಂಡು. ಸಂದಿನಲ್ಲಿ ಫೋಮ್. ಯಾರೋ ಫಿಶ್-ಫೈಂಡರಿನ ಟ್ರಾನ್ಸ್‌ಡ್ಯೂಸರ್ ಕೂರಿಸಲು ಟ್ರಾನ್ಸಮ್ಮಿಗೆ ನಾಲ್ಕು ಸ್ಕ್ರೂ ಹೊಡೆದಿರುತ್ತಾರೆ, ಸೀಲೆಂಟ್ ಹಾಕಿರುವುದಿಲ್ಲ. ಸೀಟಿನ ಬೋಲ್ಟ್‌ಗಳೂ ಹಾಗೆಯೇ. ಆ ತೂತುಗಳಿಂದ ವರ್ಷಗಟ್ಟಲೆ ನೀರು ಇಳಿಯುತ್ತದೆ. ಉಪ್ಪುನೀರಿಗಿಂತ ಮಳೆನೀರು ಮರಕ್ಕೆ ಹೆಚ್ಚು ಅಪಾಯಕಾರಿ. ಕೊಳೆ ಹಬ್ಬಿಸುವ ಶಿಲೀಂಧ್ರಕ್ಕೆ ಸಿಹಿನೀರೇ ಬೇಕು. ಆದ್ದರಿಂದ ಕಡಲಿಗೆ ವಾರವಾರ ಹೋಗುವ ದೋಣಿಗಿಂತ, ತಳದ ನೀರು ಬಸಿಯುವ ತೂತಿಗೆ ಬಿರಡೆ ಹಾಕಿಕೊಂಡೇ ಹಿತ್ತಲಲ್ಲಿ ಹರಿದ ಟಾರ್ಪಾಲಿನಡಿ ಆರು ವರ್ಷ ನಿಂತ 'ಹೆಚ್ಚು ಓಡದ' ದೋಣಿಯ ಬಗ್ಗೆ ನನಗೆ ಹೆಚ್ಚು ಅನುಮಾನ.

ಇದನ್ನು ಹಿಡಿಯುವ ಅಗ್ಗದ ಉಪಾಯವೇ ವೇ-ಬ್ರಿಡ್ಜ್. ಟ್ರೇಲರನ್ನು ಕಾರಿನಿಂದ ಬಿಚ್ಚಿ, ಜಾಕಿ ಚಕ್ರದ ಮೇಲೆ ನಿಲ್ಲಿಸಿ, ದೋಣಿ ಸಮೇತ ಪೂರಾ ತೂಕ ತೆಗೆಯಿರಿ. ಎಷ್ಟು ಪೆಟ್ರೋಲ್ ಇದೆ ಎಂದು ಬರೆದುಕೊಳ್ಳಿ. ಉದಾಹರಣೆಗೆ, ಒಟ್ಟು 2,040 ಕೆಜಿ ಬಂತು ಎನ್ನಿ. ಪ್ಲೇಟಿನ ಪ್ರಕಾರ ಖಾಲಿ ಟ್ರೇಲರ್ 480. ಉಳಿದದ್ದು 1,560. ಎಂಜಿನ್ 216 ಕಳೆಯಿರಿ. ಪೆಟ್ರೋಲ್ 150 ಲೀಟರ್, ಲೀಟರಿಗೆ 0.74 ಕೆಜಿಯಂತೆ 111. ಎರಡು ಬ್ಯಾಟರಿ 50. ಲಂಗರು, ಸರಪಳಿ, ಹಗ್ಗ, ಐಸ್‌ಬಾಕ್ಸ್ ಸೇರಿ 60. ಉಳಿಯುವುದು 1,123. ಕಟ್ಟಿದವರ ಹಳೆಯ ಬ್ರೋಷರಿನಲ್ಲಿ ಬರೀ ಒಡಲು 880 ಎಂದಿದ್ದರೆ 243 ಕೆಜಿಗೆ ಲೆಕ್ಕವಿಲ್ಲ. ಅಷ್ಟೂ ನೀರೇ ಎಂದು ನಾನು ಹೇಳುವುದಿಲ್ಲ. ಬ್ರೋಷರಿನಲ್ಲಿ ತೂಕವನ್ನು ಸಾಮಾನ್ಯವಾಗಿ ಸ್ವಲ್ಪ ಕಡಿಮೆಯೇ ಬರೆದಿರುತ್ತಾರೆ, ಯಾರೋ ಹಳೆಯ ಡೆಕ್ಕಿನ ಮೇಲೆ ಎರಡನೇ ಡೆಕ್ ಹೊದೆಸಿರಬಹುದು, ಗಟ್ಟಿ ಚಾವಣಿ ಕೂರಿಸಿರಬಹುದು. ಆದರೆ ನೂರು ಕೆಜಿ ಮೀರಿದ ವ್ಯತ್ಯಾಸಕ್ಕೆ ಕಾರಣ ಕಣ್ಣಿಗೆ ಕಾಣದಿದ್ದರೆ ಡೆಕ್ ತೆರೆಯದೆ ಹಣ ಕೊಡಬೇಡಿ. ಇದೇ ತೂಕದ ಚೀಟಿ ರಸ್ತೆಯ ಕಾನೂನಿಗೂ ಬೇಕು: ಟ್ರೇಲರಿನ ಪ್ಲೇಟಿನಲ್ಲಿರುವ ಎಟಿಎಂ, ಅಂದರೆ ಹೊರೆ ಸಮೇತ ಟ್ರೇಲರಿನ ಗರಿಷ್ಠ ತೂಕದ, ಮಿತಿ ದಾಟಬಾರದು, ತುಂಬಿದ ತೂಕ ಎರಡು ಟನ್ ಮೀರಿದರೆ ಎಲ್ಲ ಚಕ್ರಗಳಿಗೂ ಬ್ರೇಕ್, ಜೊತೆಗೆ ಟ್ರೇಲರ್ ಕಳಚಿಕೊಂಡರೆ ತಾನೇ ಹಿಡಿಯುವ ಬ್ರೇಕ್ ಬೇಕು.

ತೆರೆದು ನೋಡುವುದೆಂದರೆ ಇಡೀ ಡೆಕ್ ಕೊಯ್ಯುವುದಲ್ಲ. ಹಿಂದಿನ ತಗ್ಗು ಮೂಲೆಯಲ್ಲಿ 100 ಮಿಲಿಮೀಟರಿನ ಒಂದು ತೂತು ಕೊರೆದು, ಆಮೇಲೆ ತಿರುಗಿಸಿ ಮುಚ್ಚುವ ಮುಚ್ಚಳ ಕೂರಿಸಿದರೆ ಮುಗಿಯಿತು. ಕೈ ಹಾಕಿ ತಳದ ಹತ್ತಿರದ ಫೋಮ್ ಒಂದು ತುಂಡು ಕಿತ್ತು ಹಿಂಡಿ. ಒಣ ಫೋಮ್ ಬೆರಳ ನಡುವೆ ಪುಡಿಯಾಗುತ್ತದೆ. ನೆನೆದ ಫೋಮ್ ಸ್ಪಂಜಿನ ಹಾಗೆ ಕುಗ್ಗಿ, ಟೀ ಬಣ್ಣದ ನೀರು ಮಣಿಕಟ್ಟಿನಿಂದ ಮೊಣಕೈವರೆಗೆ ಇಳಿಯುತ್ತದೆ. ಆ ಕಂದು ಬಣ್ಣ ಮರದ್ದು. ಸ್ಟ್ರಿಂಗರ್ ಎಲ್ಲೋ ಬಿಟ್ಟುಕೊಟ್ಟಿದೆ ಎಂದರ್ಥ.

ಟ್ರಾನ್ಸಮ್ಮಿಗೆ ಮೊದಲ ಪರೀಕ್ಷೆ ಪ್ಲಾಸ್ಟಿಕ್ ತಲೆಯ ಸುತ್ತಿಗೆ. ಮೇಲಿನಿಂದ ಕೆಳಕ್ಕೆ ತಟ್ಟುತ್ತ ಬನ್ನಿ. ಟಣ್ ಎಂಬ ಗಟ್ಟಿ ಸದ್ದು ಒಂದು ಮಟ್ಟದಿಂದ ಕೆಳಗೆ ದಬ್ ಎಂದು ಸತ್ತುಹೋದರೆ ಅಲ್ಲಿ ಪ್ಲೈ ಕೊಳೆತಿದೆ ಅಥವಾ ಪದರ ಬಿಟ್ಟಿದೆ. ಆಮೇಲೆ ಎಂಜಿನ್ನಿನ ಕಾಲನ್ನು ಅರ್ಧ ಎತ್ತಿ, ಅದರ ಮೇಲೆ ಭಾರ ಹಾಕಿ ಮೆಲ್ಲಗೆ ಒತ್ತಿ. ಇನ್ನೊಬ್ಬರು ಸ್ಪ್ಲಾಶ್-ವೆಲ್ಲಿನ, ಅಂದರೆ ಎಂಜಿನ್ ಮುಂದೆ ನೀರು ತಡೆಯುವ ತೊಟ್ಟಿಯ, ಒಳಮೂಲೆ ನೋಡುತ್ತಿರಲಿ. ಕೂದಲೆಳೆಯ ಬಿರುಕು ಬಾಯಿ ತೆರೆದು ಮುಚ್ಚಿದರೆ ಸಾಕು, ಟ್ರಾನ್ಸಮ್ ಸೋತಿದೆ ಎಂದರ್ಥ. ಕೊನೆಯ ಮಾತು ಡ್ರಿಲ್ಲಿನದು: ಒಳಗಡೆಯಿಂದ, ಬಿರಡೆಯ ಮಟ್ಟಕ್ಕಿಂತ ಸ್ವಲ್ಪ ಮೇಲೆ, 5 ಮಿಲಿಮೀಟರಿನ ತೂತು, ಹೊರಪದರ ದಾಟದ ಹಾಗೆ. ತಿಳಿ ಬಣ್ಣದ ಒಣ ಸುರುಳಿ ಬಂದರೆ ಒಳ್ಳೆಯದು, ಕಪ್ಪು ಹಸಿ ಹಿಟ್ಟು ಬಂದರೆ ಟ್ರಾನ್ಸಮ್ ಹೊಸದಾಗಿ ಕಟ್ಟಬೇಕು. ತೂತಿಗೆ ಇಪಾಕ್ಸಿ ತುಂಬಿ ಮುಚ್ಚಿ. ತೇವ ಅಳೆಯುವ ಮೀಟರನ್ನೇ ನಂಬಿ ಕೂರಬೇಡಿ, ಕೆಲವು ಬಣ್ಣಗಳ ಮೇಲೆ, ಲೋಹದ ಹತ್ತಿರ ಅದು ಸುಳ್ಳು ಹೇಳುತ್ತದೆ. ಡೆಕ್ ಕೆಳಗಿನ ಅಲ್ಯೂಮಿನಿಯಂ ಪೆಟ್ರೋಲ್ ಟ್ಯಾಂಕ್ ಹಸಿ ಫೋಮಿನಲ್ಲಿ ಹೂತಿದ್ದರೆ ಹೊರಗಿನಿಂದ ತಿಂದುಹೋಗಿರುತ್ತದೆ. ಪೆಟ್ರೋಲ್ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ, ಬ್ಯಾಟರಿ ಸ್ವಿಚ್ ಮುಟ್ಟಬೇಡಿ.

ಈಗ ಹೋಲಿಕೆಗೆ ಬರಬಹುದು. ಎರಡೂ ಒಣಗಿವೆ, ಟ್ರಾನ್ಸಮ್ ಗಟ್ಟಿ ಎಂದಾದರೆ ಎಪ್ಪತ್ತರ ದಶಕದ ಕಿರಿದಾದ ತಳ ಎದುರುತೆರೆಗೆ ನಿಜಕ್ಕೂ ಸೊಗಸು. ವಿ19ಆರ್ ತಳಕ್ಕೆ ಇವತ್ತೂ ಬೇಡಿಕೆ ಇರುವುದು ಸುಮ್ಮನೆ ಅಲ್ಲ. ಆದರೆ ನಿಂತು ಗಾಳ ಹಾಕುವಾಗ ಅದು ತೂಗಾಡುತ್ತದೆ. ಇಬ್ಬರು ಒಂದೇ ಪಕ್ಕಕ್ಕೆ ಬಂದರೆ ಚೈನ್, ಅಂದರೆ ತಳ ಮತ್ತು ಪಕ್ಕೆ ಸೇರುವ ಅಂಚು, ನೀರಿಗೆ ಮುಳುಗುವವರೆಗೆ ವಾಲಿ ಆಮೇಲೆ ನಿಲ್ಲುತ್ತದೆ. ಎಂಬತ್ತು-ತೊಂಬತ್ತರ ಅಗಲ ದೋಣಿಗಳಲ್ಲಿ, ಕ್ರೂಸ್ ಕ್ರಾಫ್ಟಿನ ಎಕ್ಸ್‌ಪ್ಲೋರರ್‌ನಂಥವುಗಳಲ್ಲಿ, ನಿಲುವು ಸ್ಥಿರ, ಕ್ಯಾಬಿನ್ನಿನಲ್ಲಿ ಜಾಗ ಹೆಚ್ಚು, ಓರೆಗಾಳಿಗೆ ಮೂಗು ಹೊರಳುವುದೂ ಸ್ವಲ್ಪ ಹೆಚ್ಚು. ಕಡಲಿಗೆ ಚೆನ್ನಾಗಿ ಒಗ್ಗಿದ ತಳ ಬರ್ಟ್ರಮ್ 25ರದು, ಆದರೆ ಅಗಲ ಸುಮಾರು ಮೂರು ಮೀಟರ್. ರಸ್ತೆಯ ಮಿತಿ ಎರಡೂವರೆ. ಅದನ್ನು ಟ್ರೇಲರ್ ದೋಣಿ ಎಂದುಕೊಳ್ಳಬೇಡಿ. 2005-06ರ ಹಿಂದಿನ ಯಾವುದರಲ್ಲೂ ಗರಿಷ್ಠ ಜನ, ಗರಿಷ್ಠ ಎಂಜಿನ್ ತಿಳಿಸುವ ಆಸ್ಟ್ರೇಲಿಯನ್ ಬಿಲ್ಡರ್ಸ್ ಪ್ಲೇಟ್ ನಿರೀಕ್ಷಿಸಬೇಡಿ. ಹಾಗಾಗಿ ವಿಮೆಯವರು ಸರ್ವೆ ಕೇಳಬಹುದು.

ನೀರಿನ ಪರೀಕ್ಷೆಗೆ ಟ್ಯಾಂಕ್ ತುಂಬಿಸಿ, ಮೂವರು ಹೋಗಿ. ದೋಣಿ ನಿಂತಾಗ ಇಬ್ಬರು ಹಿಂದಿನ ಒಂದೇ ಮೂಲೆಯಲ್ಲಿ ನಿಂತು ಸ್ಪ್ಲಾಶ್-ವೆಲ್ಲಿಗೆ, ಡೆಕ್ಕಿನ ನೀರುಗಂಡಿಗೆ ನೀರು ಏರುತ್ತದೆಯೇ ನೋಡಲಿ. ಈ ಹಳೆಯ ದೋಣಿಗಳಲ್ಲಿ ಎಷ್ಟೋ ಡೆಕ್‌ಗಳು ನೀರಿನ ಮಟ್ಟಕ್ಕಿಂತ ಮೇಲೆ ಇರುವುದೇ ಇಲ್ಲ. ಬಳಿಕ 20 ನಾಟ್‌ಗೆ ಏರಿಸಿ, ಟ್ರಿಮ್, ಅಂದರೆ ಎಂಜಿನ್ನಿನ ಓರೆ, ಮುಟ್ಟದೆ ಥ್ರಾಟಲನ್ನು ಕೂದಲೆಳೆಯಷ್ಟು ಇಳಿಸುತ್ತ ಬನ್ನಿ, ಜಿಪಿಎಸ್ ಮೇಲೆ ಕಣ್ಣಿರಲಿ. ಬಾಲ ಕುಸಿದು ಮೂಗು ಏಳುವ ಕ್ಷಣದ ವೇಗ ಬರೆದುಕೊಳ್ಳಿ. ಎರಡೂ ದಿಕ್ಕಿಗೆ ಓಡಿಸಿ ಸರಾಸರಿ ತೆಗೆಯಿರಿ. ಎರಡು ದೋಣಿಗಳ ನಡುವೆ ಆರಿಸುವಾಗ ಪಟ್ಟಿಯಲ್ಲಿ ಡಿಗ್ರಿಯ ಜಾಗಕ್ಕೆ ಬರೆಯಬೇಕಾದ ಸಂಖ್ಯೆ ಇದು. ಅದು 15 ದಾಟಿದರೆ ಟ್ರಾನ್ಸಮ್ಮಿನ ಬುಡಕ್ಕೆ ಟ್ರಿಮ್-ಟ್ಯಾಬ್ ಎಂಬ ಮೇಲೆ ಕೆಳಗೆ ಆಡುವ ತಗಡು ಹಾಕಿಸಿದರಾಯಿತು ಎನ್ನುವವರಿದ್ದಾರೆ. ಟ್ಯಾಬ್ ಬಾಲ ಎತ್ತುತ್ತದೆ ನಿಜ, ಅದರ ಜೊತೆಗೆ ಮೂಗನ್ನೂ ಒತ್ತುತ್ತದೆ. ಹಿಂದಿನಿಂದ ತೆರೆ ತಳ್ಳುವಾಗ, ಸೌತ್‌ಪೋರ್ಟ್ ಸೀವೇಯಂಥ ಅಳಿವೆಯಲ್ಲಿ ಒಳಬರುವಾಗ, ಒತ್ತಿದ ಚೂಪು ಮೂಗು ನೀರನ್ನು ಕಚ್ಚಿ ದೋಣಿಯನ್ನು ಅಡ್ಡಕ್ಕೆ ತಿರುಗಿಸಬಲ್ಲದು. ಅಳಿವೆಗೆ ಮುಂಚೆ ಟ್ಯಾಬ್ ಪೂರಾ ಮೇಲೆತ್ತಿರಿ, ಜಾಕೆಟ್ ಮೈಮೇಲಿರಲಿ.

ದಡಕ್ಕೆ ಬಂದು ಟ್ರೇಲರಿಗೆ ಏರಿಸಿದ ಕೂಡಲೇ ಬಿರಡೆ ಬಿಚ್ಚಿ ಕೆಳಗೆ ಬಕೆಟ್ ಇಡಿ. ಅರ್ಧ ಗಂಟೆ ಓಡಿಸಿದ್ದಕ್ಕೆ ಒಂದೆರಡು ಲೀಟರ್ ಬಂದರೆ ಸಹಜ. ಬಕೆಟ್ ತುಂಬಿದರೆ ಎಲ್ಲಿಂದ ಬಂತೆಂದು ಹುಡುಕಬೇಕು. ಮೂಗು ಎತ್ತಿಟ್ಟು ರಾತ್ರಿಯಿಡೀ ಬಿಡಲು ಮಾರುವವನು ಒಪ್ಪಿದರೆ ಇನ್ನೂ ಒಳ್ಳೆಯದು, ಬೆಳಗ್ಗೆ ಬಕೆಟ್ಟಿನ ನೀರಿನ ಬಣ್ಣ ನೋಡಿ.