ಕಟಕಟೆಯಲ್ಲಿ ನಡತೆ: 1872ರಿಂದ ‘ಪಿಂಕ್’ವರೆಗೆ

ಅಮಿತಾಭ್ ಬಚ್ಚನ್ ವಕೀಲನಾಗಿ ನಟಿಸಿದ ‘ಪಿಂಕ್’ ತೆರೆಕಂಡದ್ದು 2016ರ ಸೆಪ್ಟೆಂಬರಿನಲ್ಲಿ. ಶಿರಸಿ, ಕಾರವಾರದ ಕಡೆ ಅದರ ಪ್ರಸ್ತಾಪ ಬಂದಾಗಲೆಲ್ಲ ಒಂದು ಷರಾ ಕೇಳಿಬರುತ್ತದೆ: ‘ಅದು ದಿಲ್ಲಿಯ ಕತೆ, ನಮ್ಮ ಕಡೆ ಹಾಗೆಲ್ಲ ಇಲ್ಲ.’ ಬಾಡಿಗೆ ಮನೆಯಲ್ಲಿ ಒಟ್ಟಿಗಿರುವ ಮೂವರು ಯುವತಿಯರು, ರಾಕ್ ಸಂಗೀತ, ಸೂರಜ್‌ಕುಂಡದ ರೆಸಾರ್ಟ್, ಮದ್ಯ. ಇಷ್ಟನ್ನೇ ನೋಡಿದರೆ ಹಾಗೆನ್ನಿಸಬಹುದು. ಆದರೆ ನ್ಯಾಯಾಲಯದಲ್ಲಿ ಅವರಿಗೆ ಎದುರಾಗುವ ಪ್ರಶ್ನೆಗಳಿಗೆ ಊರಿನ ಹಂಗಿಲ್ಲ. ಎಷ್ಟು ಹೊತ್ತಿನವರೆಗೆ ಹೊರಗಿದ್ದಿರಿ? ಯಾರ ಜೊತೆ? ಕುಡಿದಿದ್ದಿರಾ? ಹಿಂದೆ ಯಾರ ಸಂಬಂಧವಿತ್ತು? ಇಂಥ ಪ್ರಶ್ನೆಗಳಿಗೆ ಒಂದು ಕಾಲದಲ್ಲಿ ಕಾನೂನಿನ ಮೊಹರೇ ಇತ್ತು.

1872ರಲ್ಲಿ ಸಾಕ್ಷ್ಯ ಕಾಯಿದೆ ಬಂತು. ಅದರ 155(4)ನೆಯ ಕಲಂ ಪ್ರಕಾರ, ಅತ್ಯಾಚಾರದ ಮೊಕದ್ದಮೆಯಲ್ಲಿ ದೂರು ಕೊಟ್ಟ ಹೆಂಗಸು ಸಾಮಾನ್ಯವಾಗಿ ಕೆಟ್ಟ ನಡತೆಯವಳೆಂದು ತೋರಿಸಿ ಅವಳ ಮಾತಿನ ಮೇಲಿನ ನಂಬಿಕೆಯನ್ನು ಕೆಡಿಸಬಹುದಿತ್ತು. ಆರೋಪಿಯ ನಡತೆಯ ಗತಿ? ಅದೇ ಕಾಯಿದೆಯ 53ನೆಯ ಕಲಂ, ಅವನ ಒಳ್ಳೆಯ ನಡತೆ ಪ್ರಸ್ತುತ ಎಂದಿತು. 54ನೆಯ ಕಲಂ, ಅವನಾಗಿ ಒಳ್ಳೆಯವನೆಂದು ಸಾಕ್ಷ್ಯ ಕೊಡದ ಹೊರತು ಕೆಟ್ಟ ನಡತೆ ಅಪ್ರಸ್ತುತ ಎಂದಿತು. ಆರೋಪಿಗೆ ಆ ರಕ್ಷಣೆ ಇರಲೇಬೇಕು, ಅದರಲ್ಲಿ ತಕರಾರಿಲ್ಲ. ಅವಳಿಗೆ ಅಷ್ಟಾದರೂ ಏಕಿರಲಿಲ್ಲ ಎಂಬುದಷ್ಟೇ ಪ್ರಶ್ನೆ. ಇಬ್ಬಗೆಯ ನೀತಿ ಜಗಲಿಯ ಹರಟೆಯಲ್ಲಿ ಮಾತ್ರ ಇತ್ತೆಂದು ತಿಳಿದವರು ಈ ಮೂರು ಕಲಮುಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು.

ಕಾಯಿದೆಯ ಬಿಸಿ ದೇಶಕ್ಕೆ ತಟ್ಟಿದ್ದು ನೂರು ವರ್ಷಗಳ ಮೇಲೆ. 1972ರಲ್ಲಿ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಪೊಲೀಸ್ ಠಾಣೆಯೊಳಗೆ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ನಡೆಯಿತೆಂಬ ದೂರು ‘ಮಥುರಾ ಪ್ರಕರಣ’ವೆಂದು ಹೆಸರಾಯಿತು. ಸೆಷನ್ಸ್ ನ್ಯಾಯಾಲಯ ಇಬ್ಬರು ಪೊಲೀಸರನ್ನು ಬಿಡುಗಡೆ ಮಾಡಿತು; ಅವಳಿಗೆ ಮೊದಲೇ ದೈಹಿಕ ಸಂಬಂಧವಿತ್ತೆಂಬುದು ಅಲ್ಲಿ ದೊಡ್ಡ ಮಾತಾಯಿತು. ಹೈಕೋರ್ಟ್ ಶಿಕ್ಷೆ ವಿಧಿಸಿತು. ಮೈಮೇಲೆ ಗಾಯವಿಲ್ಲ, ಕೂಗಿಕೊಂಡಿಲ್ಲ ಎಂಬ ಕಾರಣ ಕೊಟ್ಟು 1978ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮತ್ತೆ ಬಿಟ್ಟಿತು. ಭಯದಿಂದ ಸುಮ್ಮನಾದದ್ದನ್ನು ಸಮ್ಮತಿಯೆಂದು ಹೇಗೆ ಓದಿದಿರಿ ಎಂದು ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಗಂವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು 1979ರಲ್ಲಿ ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಮಹಿಳಾ ಸಂಘಟನೆಗಳು ಬೀದಿಗಿಳಿದವು.

ಅದರ ಫಲವಾಗಿ 1983ರ ತಿದ್ದುಪಡಿ ಬಂತು. ಠಾಣೆಯಂಥ ಕಡೆ ಅಧಿಕಾರದಲ್ಲಿರುವವರು ಮಾಡಿದ ಅತ್ಯಾಚಾರದಲ್ಲಿ ಹೆಂಗಸು ‘ಒಪ್ಪಿರಲಿಲ್ಲ’ ಎಂದರೆ ನ್ಯಾಯಾಲಯ ಆ ಮಾತನ್ನೇ ನಿಜವೆಂದು ಹಿಡಿದು ಹೊರಡಬೇಕು, ಅಲ್ಲವೆಂದು ತೋರಿಸುವ ಹೊಣೆ ಎದುರು ಪಕ್ಷದ್ದು ಎಂದಾಯಿತು. 155(4) ಮಾತ್ರ ಅಲ್ಲಾಡಲಿಲ್ಲ. ಅದು ಹೋದದ್ದು 2002ರ ತಿದ್ದುಪಡಿಯಿಂದ, ಅಂದರೆ ನೂರ ಮೂವತ್ತು ವರ್ಷ ಬಾಳಿ. 2012ರ ದಿಲ್ಲಿ ಸಾಮೂಹಿಕ ಅತ್ಯಾಚಾರದ ನಂತರ, ಕಾನೂನಿನ ತಿದ್ದುಪಡಿ ಸೂಚಿಸಲು ನೇಮಕವಾದ ವರ್ಮಾ ಸಮಿತಿ ವರದಿ ಕೊಟ್ಟು, 2013ರಲ್ಲಿ ಸಮ್ಮತಿಯ ವ್ಯಾಖ್ಯೆ ಸ್ಪಷ್ಟವಾಯಿತು: ದೈಹಿಕವಾಗಿ ಪ್ರತಿರೋಧಿಸಲಿಲ್ಲ ಎಂಬ ಮಾತ್ರಕ್ಕೆ ಒಪ್ಪಿದಳೆಂದಲ್ಲ. ಹಿಂದಿನ ಸಂಬಂಧಗಳ ಪಾಟೀಸವಾಲಿಗೂ ತಡೆ ಬಿತ್ತು.

ಬರಹ ಬದಲಾದಷ್ಟು ಬೇಗ ಬಾಯಿ ಬದಲಾಗಲಿಲ್ಲ. ಹೆಂಗಸಿಗೆ ಸಂಭೋಗದ ರೂಢಿಯಿದೆಯೇ ಎಂದು ವೈದ್ಯರು ನೋಡುವ ‘ಎರಡು ಬೆರಳ’ ಪರೀಕ್ಷೆ ತಪ್ಪೆಂದು 2013ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್, 2022ರಲ್ಲಿ ಅದನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳಬೇಕಾಯಿತು. ನಮ್ಮದೇ ಕರ್ನಾಟಕ ಹೈಕೋರ್ಟಿನ 2020ರ ನಿರೀಕ್ಷಣಾ ಜಾಮೀನು ಆದೇಶವೊಂದು ದೂರುದಾರಳು ರಾತ್ರಿ 11 ಗಂಟೆಗೆ ಕಚೇರಿಗೆ ಏಕೆ ಹೋದಳು, ಆರೋಪಿಯೊಡನೆ ಮದ್ಯ ಸೇವಿಸಲು ಏಕೆ ಆಕ್ಷೇಪಿಸಲಿಲ್ಲ ಎಂದು ಕೇಳಿತು. ಕೃತ್ಯದ ನಂತರ ನಿದ್ದೆ ಹೋದದ್ದು ಭಾರತೀಯ ನಾರಿಗೆ ತಕ್ಕುದಲ್ಲ ಎಂದಿತು. ಟೀಕೆಯ ನಂತರ ಆ ಕೊನೆಯ ಮಾತನ್ನು ಆದೇಶದಿಂದ ತೆಗೆಯಲಾಯಿತು. ‘ಪಿಂಕ್’ ಬಂದು ಆಗಲೇ ನಾಲ್ಕು ವರ್ಷವಾಗುತ್ತ ಬಂದಿತ್ತು.

‘ನಮ್ಮ ಕಡೆ ಹಾಗಿಲ್ಲ’ ಎನ್ನುವವರ ಕಡೆ ಹೇಗಿದೆ? ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆಯಲ್ಲಿ ಶಿರಸಿಯ ಬಿಡಕಿಬಯಲು ನಡುರಾತ್ರಿಯಲ್ಲೂ ಹೆಂಗಸರಿಂದ ತುಂಬಿರುತ್ತದೆ. ಯಾರೂ ಚಕಾರವೆತ್ತುವುದಿಲ್ಲ. ಅದೇ ಹುಡುಗಿ ಮಾಮೂಲು ದಿನ ಕೊನೆಯ ಬಸ್ಸಿಗೆ ಇಳಿದರೆ ಲೆಕ್ಕ ಶುರು. ಕಾರವಾರದಿಂದ ಗೋವಾಕ್ಕೆ ಕೆಲಸಕ್ಕೆ ಹೋಗುವ ಹುಡುಗ ಗಡಿಯ ಮಾಜಾಳಿ ತನಿಖಾ ಠಾಣೆಯ ಕಣ್ಣು ತಪ್ಪಿಸಿ ಬಾಟಲಿ ತಂದರೆ ನಗೆಯ ಪ್ರಸಂಗ. ಅಲ್ಲಿನ ಹೋಟೆಲಿನಲ್ಲಿ ರಾತ್ರಿ ಪಾಳಿ ಮಾಡುವ ಹುಡುಗಿಗೆ ಗಂಡು ನೋಡುವಾಗ ಮನೆಯವರು ‘ಆಫೀಸು ಕೆಲಸ’ ಎನ್ನುತ್ತಾರೆ.

ತಾಳಮದ್ದಲೆಯ ಅರ್ಥಗಾರಿಕೆ ಕೇಳಿ ಬೆಳೆದ ಕಿವಿಗೆ ಬಚ್ಚನ್ನರ ವಾದ ತುಸು ಎಳೆದಂತೆ ಕೇಳೀತು. ತುಂಬಿದ ನ್ಯಾಯಾಲಯದಲ್ಲಿ ತನ್ನ ಕಕ್ಷಿದಾರಳನ್ನೇ ‘ನೀನು ಕನ್ಯೆಯೇ’ ಎಂದು ಕೇಳುವ ದೃಶ್ಯ ನನಗೆ ಇಂದಿಗೂ ಅತಿರೇಕವೆನಿಸುತ್ತದೆ. ಕಾನೂನಿನ ದೃಷ್ಟಿಯಿಂದ ಚಿತ್ರ ಸರಿಯಾಗಿ ಹಿಡಿದದ್ದು ಬೇರೊಂದನ್ನು. ಆ ಮೂವರಲ್ಲಿ ಕಿರುಕುಳಕ್ಕೆ ಒಳಗಾದ ಮೀನಲ್, ಎದುರು ಪಕ್ಷದ ದೂರಿನಿಂದ, ವಿಚಾರಣೆಯ ಹೊತ್ತಿಗೆ ಕೊಲೆಯತ್ನದ ಆರೋಪಿಯಾಗಿರುತ್ತಾಳೆ. ಯಾವ ಠಾಣೆಯಲ್ಲೂ ‘ಪ್ರತಿದೂರು’ ಹೊಸ ಪದವಲ್ಲ. ನಡತೆಯ ಪ್ರಶ್ನೆಗೆ ಕಾನೂನು ಹಾಕಿದ ತಡೆ ಲೈಂಗಿಕ ಅಪರಾಧಗಳ ಮೊಕದ್ದಮೆಗೆ ಸೀಮಿತ; ಹೊಡೆದಳು, ಕೊಲ್ಲಲು ಬಂದಳು ಎಂಬ ಪ್ರತಿದೂರಿನ ವಿಚಾರಣೆಯಲ್ಲಿ ಅದು ತಾನಾಗಿ ನೆರವಿಗೆ ಬರುವುದಿಲ್ಲ. 2024ರ ಜುಲೈ 1ರಂದು ಹಳೆಯ ಸಾಕ್ಷ್ಯ ಕಾಯಿದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂತು. ಅದರ 48ನೆಯ ಕಲಂ ಈ ತಡೆಯನ್ನು ಉಳಿಸಿಕೊಂಡಿದೆ, ಅದರ ಮಿತಿಯನ್ನೂ.