‘ನೆಗೆಟಿವ್’ ಎಂದರೆ ಎಷ್ಟು ಕೋಳಿ?

ಬಿಳಿ ಟೈಲ್ಸ್ ತುಂಡಿನ ಮೇಲೆ ನೇರಳೆ ಬಣ್ಣದ ಒಂದು ಹನಿ. ಪಕ್ಕದಲ್ಲಿ ಕೋಳಿಯ ರೆಕ್ಕೆಯಡಿಯ ರಕ್ತನಾಳದಿಂದ ತೆಗೆದ ಅಷ್ಟೇ ಗಾತ್ರದ ರಕ್ತದ ಹನಿ. ಒಂದೊಂದೂ 0.02 ಮಿಲಿಲೀಟರ್. ಎರಡನ್ನೂ ಕಲಸಿ, ಹಳೆಯ ನಾಲ್ಕಾಣೆಯಷ್ಟು ಅಗಲಕ್ಕೆ ಹರಡಿ, ಟೈಲ್ಸನ್ನು ಅತ್ತಿತ್ತ ಮೆಲ್ಲಗೆ ವಾಲಿಸುತ್ತ ನೋಡಬೇಕು. ಸೋಂಕಿಲ್ಲದ ಕೋಳಿಯ ರಕ್ತವಾದರೆ ಹನಿ ಕೊನೆಯವರೆಗೂ ಒಂದೇ ಸಮನಾಗಿರುತ್ತದೆ. ಸೋಂಕು ಹೊತ್ತ ಕೋಳಿಯದಾದರೆ ಹಾಲು ಒಡೆದ ಹಾಗೆ ನೇರಳೆ ಕಣಗಳು ಗುಂಪುಗೂಡಿ, ನಡುವೆ ತಿಳಿ ಉಳಿಯುತ್ತದೆ. ಎರಡು ನಿಮಿಷದೊಳಗೆ ತೀರ್ಪು.

ಇದು ಪುಲ್ಲೋರಂ ರೋಗದ ಪರೀಕ್ಷೆ. ಸಾಲ್ಮೊನೆಲ್ಲಾ ಪುಲ್ಲೋರಂ ಎಂಬ ಬ್ಯಾಕ್ಟೀರಿಯಾ ತರುವ ಈ ರೋಗದಲ್ಲಿ ಮರಿಗಳ ಹಿಂಬದಿಗೆ ಬಿಳಿ ಹಿಕ್ಕೆ ಅಂಟಿ, ಮೊದಲ ಎರಡು–ಮೂರು ವಾರದಲ್ಲೇ ರಾಶಿರಾಶಿ ಸಾಯುತ್ತವೆ. ನೇರಳೆ ಹನಿಯಲ್ಲಿರುವುದು ಅದೇ ಬ್ಯಾಕ್ಟೀರಿಯಾ. ಕೊಂದು, ಕ್ರಿಸ್ಟಲ್ ವಯೊಲೆಟ್ ಬಣ್ಣ ಕಟ್ಟಿದ್ದು. ಸೋಂಕು ಕಂಡ ಕೋಳಿಯ ರಕ್ತದಲ್ಲಿ ಅದರ ವಿರುದ್ಧ ಪ್ರತಿಕಾಯಗಳಿರುತ್ತವೆ. ಪ್ರತಿಕಾಯಕ್ಕೆ ಒಂದಕ್ಕಿಂತ ಹೆಚ್ಚು ಹಿಡಿಕೈಗಳಿರುವುದರಿಂದ ಒಂದು ಕೈಯಲ್ಲಿ ಒಂದು ಬ್ಯಾಕ್ಟೀರಿಯಾ, ಇನ್ನೊಂದರಲ್ಲಿ ಇನ್ನೊಂದು ಹಿಡಿದು ಸರಪಳಿ ಕಟ್ಟುತ್ತದೆ. ನಮ್ಮ ಕಣ್ಣಿಗೆ ಬೀಳುವ ಕಣಗಳೇ ಆ ಸರಪಳಿ.

ಸಾಯುತ್ತಿರುವುದು ಮರಿಗಳಾದರೂ ಪರೀಕ್ಷೆ ಆಗಬೇಕಾದ್ದು ತಾಯಿ ಕೋಳಿಗೆ. ಬದುಕುಳಿದ ಮರಿ ದೊಡ್ಡದಾಗಿ, ನೋಡಲು ಲಕ್ಷಣವಾಗಿದ್ದು, ಅಂಡಾಶಯದಲ್ಲಿ ರೋಗಾಣು ಇಟ್ಟುಕೊಂಡು ಮೊಟ್ಟೆಯೊಳಗೇ ಅದನ್ನು ಮುಂದಿನ ಪೀಳಿಗೆಗೆ ದಾಟಿಸುತ್ತದೆ. ಅಮೆರಿಕದಲ್ಲಿ 1935ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಪೌಲ್ಟ್ರಿ ಸುಧಾರಣಾ ಯೋಜನೆ ಹುಟ್ಟಿದ್ದೇ ಇದನ್ನು ತಡೆಯಲು: ತಾಯಿ ಹಿಂಡನ್ನು ಪರೀಕ್ಷಿಸು, ಸೋಂಕಿನದನ್ನು ತೆಗೆ, ಉಳಿದವುಗಳ ಮೊಟ್ಟೆಯನ್ನಷ್ಟೇ ಮರಿ ಮಾಡಿಸು.

ಸುಲಭವಾಗಿ ಕಾಣುವ ಈ ಪರೀಕ್ಷೆ ಕೆಡುವ ದಾರಿಗಳು ಹಲವು, ಅದರಲ್ಲೂ ವಿಜಯಪುರ, ಬಾಗಲಕೋಟೆಯ ಬೇಸಿಗೆಯಲ್ಲಿ. ತಾಪಮಾನ 40 ಡಿಗ್ರಿ ದಾಟಿದ ಮಧ್ಯಾಹ್ನ ಶೆಡ್ಡಿನಲ್ಲಿ ಹನಿಯ ಅಂಚು ನಿಮಿಷದೊಳಗೆ ಒಣಗತೊಡಗುತ್ತದೆ. ಒಣಗಿದ ಅಂಚಿನ ನುಚ್ಚು ಥೇಟ್ ಪಾಸಿಟಿವ್‌ನಂತೆಯೇ ಕಾಣುತ್ತದೆ. ಆದ್ದರಿಂದ ಬೆಳಗಿನ ತಂಪಿನಲ್ಲಿ, ಫ್ಯಾನ್ ಗಾಳಿ ತಾಗದ ಕಡೆ ಮಾಡಬೇಕು. ಆ ನೇರಳೆ ದ್ರವದ, ಅಂದರೆ ಆಂಟಿಜನ್‌ನ ಬಾಟಲಿಯನ್ನು 2ರಿಂದ 8 ಡಿಗ್ರಿಯಲ್ಲಿಟ್ಟು, ಬಳಸುವ ಮುನ್ನ ಹೊರಗಿನ ಹದಕ್ಕೆ ತಂದು, ಚೆನ್ನಾಗಿ ಅಲುಗಾಡಿಸಬೇಕು. ಇಲ್ಲದಿದ್ದರೆ ಬ್ಯಾಕ್ಟೀರಿಯಾ ತಳದಲ್ಲೇ ಕುಳಿತು ಮೇಲಿನ ತಿಳಿಯಷ್ಟೇ ಹನಿಯಾಗಿ ಬೀಳುತ್ತದೆ. ರಕ್ತ ಎತ್ತುವ ತಂತಿ ಕುಣಿಕೆಯನ್ನು ಪ್ರತಿ ಕೋಳಿಗೂ ತೊಳೆದು ಒರೆಸಬೇಕು. ಪಾಸಿಟಿವ್ ಎಂದು ಗೊತ್ತಿರುವ ಒಂದು ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಬೇರಾಗುವ ತಿಳಿ), ನೆಗೆಟಿವ್ ಎಂದು ಗೊತ್ತಿರುವ ಇನ್ನೊಂದು, ಎರಡನ್ನೂ ಅದೇ ದಿನ ಅದೇ ಬಾಟಲಿಯ ಆಂಟಿಜನ್‌ನಿಂದ ನೋಡದೆ ಕೋಳಿಗಳ ಫಲಿತಾಂಶ ಬರೆಯುವುದು ತಪ್ಪು. ನಾಲ್ಕು ತಿಂಗಳಿಗಿಂತ ಚಿಕ್ಕ ಕೋಳಿಗಳಲ್ಲಿ ಈ ಪರೀಕ್ಷೆಯನ್ನು ನಂಬಲಾಗದು.

ಪಾಸಿಟಿವ್ ಬಂದ ಕೂಡಲೇ ಹಿಂಡಿಗೇ ರೋಗ ಎನ್ನಲೂಬಾರದು. ಸಾಲ್ಮೊನೆಲ್ಲಾ ಎಂಟರೈಟಿಡಿಸ್ ಇದರ ಹತ್ತಿರದ ನೆಂಟ. ಹೊರಮೈಯ ಗುರುತು ಬಹುಪಾಲು ಒಂದೇ ಆದ್ದರಿಂದ ಅದರ ಪ್ರತಿಕಾಯವೂ ಈ ಹನಿಯನ್ನು ಒಡೆಸುತ್ತದೆ. ಖಚಿತವಾಗಬೇಕಾದರೆ ಆ ಕೋಳಿಯನ್ನು ಕೊಯ್ದು ಯಕೃತ್ತು, ಅಂಡಾಶಯದಿಂದ ರೋಗಾಣು ಬೆಳೆಸಿ ನೋಡಬೇಕು. ಹಳೆಯ ಸೋಂಕಿದ್ದರೆ ದುಂಡಗೆ ಹಳದಿಯಾಗಿರಬೇಕಾದ ಅಂಡಗಳು ಸೊಟ್ಟಗಾಗಿ, ಬಣ್ಣಗೆಟ್ಟು, ಕೆಲವು ತೊಟ್ಟಿಗೆ ನೇತಾಡುತ್ತಿರುವುದೂ ಉಂಟು.

ಇನ್ನು ಎಣಿಕೆಯ ಮಾತು. ಹಿಂಡಿಗೆ ರೋಗವಿಲ್ಲ ಎಂದು ಕೊಡುವ ಪ್ರಮಾಣಪತ್ರದ ಬೆಲೆ ನಿಂತಿರುವುದೇ ಎಷ್ಟು ಕೋಳಿ ಪರೀಕ್ಷಿಸಿದರು ಎಂಬುದರ ಮೇಲೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಸುಕಿದರೆ ಸಾಕು; ಕುದಿಯುವ ನೀರು ಎಲ್ಲ ಅಗುಳಿಗೂ ಒಂದೇ ಶಾಖ ಕೊಟ್ಟಿರುತ್ತದೆ. ರೋಗ ಹಿಂಡಿನಲ್ಲಿ ಹಾಗೆ ಹರಡಿರುವುದಿಲ್ಲ. ಮುಧೋಳದ ಕಡೆ 2,000 ಕೋಳಿಯ ಒಂದು ಶೆಡ್ ಇದೆ, ಅದರಲ್ಲಿ 20ಕ್ಕೆ, ಅಂದರೆ ಶೇ 1ಕ್ಕೆ ಸೋಂಕಿದೆ ಎಂದುಕೊಳ್ಳಿ. 10 ಕೋಳಿ ಹಿಡಿದು ಪರೀಕ್ಷಿಸಿದರೆ ಆ 20ರಲ್ಲಿ ಒಂದೂ ಕೈಗೆ ಸಿಗದಿರುವ ಸಾಧ್ಯತೆ ಶೇ 90. ಅಂದರೆ ಸೋಂಕಿನ ಹಿಂಡಿಗೆ ನೂರಕ್ಕೆ 90 ಸಲ ‘ನೆಗೆಟಿವ್’ ಪತ್ರ ಸಿಗುತ್ತದೆ. ಮಾಡಿದವರ ಕೈ ಎಷ್ಟೇ ಶುದ್ಧವಿರಲಿ, ಲೆಕ್ಕವೇ ಹಾಗಿದೆ.

ಇದಕ್ಕೊಂದು ಸರಳ ಸೂತ್ರವಿದೆ. ಎಷ್ಟು ಪ್ರಮಾಣದ ಸೋಂಕನ್ನು ಹಿಡಿಯಬೇಕೋ ಅದರಿಂದ 3ನ್ನು ಭಾಗಿಸಿ. ಶೇ 5ರಷ್ಟು ಸೋಂಕಿದ್ದರೆ ಕಂಡುಹಿಡಿಯಲು 3 ÷ 0.05, ಸುಮಾರು 60 ಕೋಳಿ. ಕರಾರುವಾಕ್ಕಾಗಿ ಹೇಳುವುದಾದರೆ 59. ಶೇ 1ರಷ್ಟಿದ್ದರೆ 300. ಆಗ ಸೋಂಕು ತಪ್ಪಿಸಿಕೊಳ್ಳುವ ಸಾಧ್ಯತೆ ಶೇ 5ಕ್ಕೆ ಇಳಿಯುತ್ತದೆ. ದೊಡ್ಡ ಹಿಂಡುಗಳಲ್ಲಿ ಈ ಸಂಖ್ಯೆ ಹಿಂಡಿನ ಗಾತ್ರಕ್ಕೆ ತಕ್ಕಂತೆ ಬೆಳೆಯುವುದಿಲ್ಲ ಎಂಬುದು ಕೇಳಿದವರಿಗೆ ಅಚ್ಚರಿ: 5,000 ಇರಲಿ, 50,000 ಇರಲಿ, ಹೆಚ್ಚುಕಡಿಮೆ ಅದೇ 300. ಹಿತ್ತಿಲಲ್ಲಿ 30 ಜವಾರಿ ಕೋಳಿ ಸಾಕಿದವರಿಗೆ ಸೂತ್ರದ ಗೊಡವೆಯೇ ಬೇಡ, ಮೂವತ್ತನ್ನೂ ನೋಡಿಸಿಬಿಡಿ.

ಆದರೆ ಲೆಕ್ಕ ನಿಜವಾಗಬೇಕಾದರೆ ಕೋಳಿಗಳನ್ನು ಆರಿಸುವ ಕ್ರಮವೂ ಸರಿಯಿರಬೇಕು. ಬಾಗಿಲ ಬಳಿ ಸುಲಭವಾಗಿ ಸಿಕ್ಕ 59 ಕೋಳಿ ಆ ಮೂಲೆಯ ಕಥೆಯನ್ನಷ್ಟೇ ಹೇಳುತ್ತವೆ. ಶೆಡ್ಡಿನ ಮುಂದು, ನಡು, ಹಿಂದು, ಪಂಜರವಾದರೆ ಮೇಲಿನ ಸಾಲು, ಕೆಳಗಿನ ಸಾಲು, ಎಲ್ಲ ಕಡೆಯಿಂದ ಬರಬೇಕು. ಹುಂಜಗಳನ್ನು ಬಿಡಬಾರದು.

ರಾಣಿಖೇತ್ ರೋಗದ ವರದಿ ಓದುವ ಬಗೆಯೇ ಬೇರೆ. ಉತ್ತರಾಖಂಡದ ರಾಣಿಖೇತ್ ಊರಿನ ಹೆಸರು ಹೊತ್ತ ಈ ರೋಗಕ್ಕೆ ಲಸೋಟಾ ಲಸಿಕೆ ಹಾಕಿದ ಯಾವ ಹಿಂಡಿನಲ್ಲೂ ಪ್ರತಿಕಾಯ ಇದ್ದೇ ಇರುತ್ತದೆ, ಇರಬೇಕು ಕೂಡ. ಇಲ್ಲಿ ಬಳಸುವುದು ಎಚ್‌ಐ (ಹಿಮಾಗ್ಲುಟಿನೇಷನ್ ಇನ್ಹಿಬಿಷನ್, ಅಂದರೆ ರಕ್ತಕಣ ಅಂಟುವುದನ್ನು ತಡೆಯುವ) ಪರೀಕ್ಷೆ. ರಾಣಿಖೇತ್ ರೋಗ ತರುವ ವೈರಸ್ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಪ್ರತಿಕಾಯವಿದ್ದರೆ ಅಂಟಲು ಬಿಡುವುದಿಲ್ಲ, ರಕ್ತಕಣಗಳು ಪರೀಕ್ಷೆಯ ತಟ್ಟೆಯಲ್ಲಿನ ಗುಳಿಯ ತಳಕ್ಕೆ ಜಾರಿ ಕೆಂಪು ಗುಂಡಿಯಂತೆ ಕೂರುತ್ತವೆ. ಸೀರಂ ಅನ್ನು 2, 4, 8, 16 ಪಟ್ಟು ಹೀಗೆ ತೆಳುಮಾಡುತ್ತ ಹೋಗಿ, ಗುಂಡಿ ಪೂರ್ತಿ ಕಟ್ಟುವ ಕೊನೆಯ ಅಂಕಿಯನ್ನು ಬರೆಯುತ್ತಾರೆ. 16 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಪಾಸಿಟಿವ್. ಸರಾಸರಿಗಿಂತ ಸಾಲಿನ ಸಮತೆಯನ್ನು ನೋಡಿ. ಎಲ್ಲ ಕೋಳಿಗಳೂ 64, 128ರ ಆಸುಪಾಸಿನಲ್ಲಿದ್ದರೆ ಲಸಿಕೆ ಎಲ್ಲಕ್ಕೂ ತಲುಪಿದೆ. ಕೆಲವು 4, ಕೆಲವು 1,024 ಎಂದಿದ್ದರೆ ಲಸಿಕೆಯ ನೀರು ಕೆಲವಕ್ಕೆ ಸಿಕ್ಕಿಲ್ಲ, ಇಲ್ಲವೇ ಹೊರಗಿನ ವೈರಸ್ ಒಳಗೆ ಹೊಕ್ಕಿದೆ.

ಇಂಥ ಪರೀಕ್ಷೆಗೆ ಸೀರಂ ಪ್ರಯೋಗಾಲಯಕ್ಕೆ ಹೋಗಬೇಕು, ಇಂಡಿ, ಸಿಂದಗಿ, ಅಥಣಿಯಿಂದ ಆ ಪ್ರಯೋಗಾಲಯವಿರುವ ಬೆಂಗಳೂರಿನ ಹೆಬ್ಬಾಳ ಹತ್ತಿರವೇನಲ್ಲ. ರಕ್ತ 2 ಮಿಲಿಲೀಟರ್ ಸಾಕು. ಅದನ್ನು ಸಿರಿಂಜಿನಿಂದ ರಭಸವಾಗಿ ಒತ್ತಿ ಟ್ಯೂಬಿಗೆ ತುಂಬಿದರೆ ರಕ್ತಕಣ ಒಡೆದು ಸೀರಂ ಕೆಂಪಾಗುತ್ತದೆ. ಸೂಜಿ ತೆಗೆದು, ಟ್ಯೂಬಿನ ಗೋಡೆಗುಂಟ ನಿಧಾನವಾಗಿ ಬಿಡಬೇಕು. ಟ್ಯೂಬನ್ನು ವಾರೆಯಾಗಿಟ್ಟು ಒಂದೆರಡು ತಾಸು ನೆರಳಲ್ಲಿ ಬಿಡಿ. ತೆಗೆದ ತಕ್ಷಣ ಐಸಿಗೆ ಇಟ್ಟರೆ ಹೆಪ್ಪು ಸರಿಯಾಗಿ ಕುಗ್ಗದೆ ಸೀರಂ ಬಿಡುವುದಿಲ್ಲ. ಹುಲ್ಲಿನ ಬಣ್ಣದ ಸೀರಂ ಮೇಲೆ ಬಂದ ಮೇಲೆ ಅದನ್ನಷ್ಟೇ ಬೇರೆ ಟ್ಯೂಬಿಗೆ ತೆಗೆದು, ಪೇಪರಿನಲ್ಲಿ ಸುತ್ತಿ, ಐಸ್ ಪ್ಯಾಕ್ ಇರುವ ಥರ್ಮೊಕೋಲ್ ಡಬ್ಬಿಯಲ್ಲಿ ಕಳಿಸಿ. ಮೇ ತಿಂಗಳಲ್ಲಿ ಐಸಿಲ್ಲದೆ ಬಸ್ಸಿನ ಡಿಕ್ಕಿಯಲ್ಲಿ ರಾತ್ರಿಯಿಡೀ ಹೋದ ಸೀರಂ ಕೊಳೆತು, ಇಲ್ಲದ ರೋಗವನ್ನು ತೋರಿಸಬಹುದು. ಟ್ಯೂಬಿನ ಮೇಲಿನ ಅಂಕಿಯೂ ಪಟ್ಟಿಯ ಅಂಕಿಯೂ ತಾಳೆಯಾಗಲಿ, ಪೆನ್ಸಿಲಿನಲ್ಲಿ ಬರೆಯಿರಿ. ಐಸ್ ನೀರಿಗೆ ಇಂಕು ಅಳಿಸಿಹೋಗುತ್ತದೆ.

ಇದೆಲ್ಲಕ್ಕೂ ಹೊರಗಿರುವುದು ಹಕ್ಕಿಜ್ವರ. ಭಾರತದಲ್ಲಿ ಅದು ಮೊದಲು ಕಂಡದ್ದು 2006ರ ಫೆಬ್ರುವರಿಯಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ಗಡಿಯಾಚೆಯಿಂದ ಕೋಳಿ, ಮೊಟ್ಟೆಯ ಗಾಡಿಗಳು ದಿನವೂ ಬರುವ ಬೆಳಗಾವಿ ಜಿಲ್ಲೆಯವರು ಇದನ್ನು ದೂರದ ಸುದ್ದಿ ಎನ್ನಲಾಗದು. ದಿಢೀರ್ ಸಾವು, ಜುಟ್ಟು ನೀಲಿಗಟ್ಟುವುದು ಕಂಡರೆ ಸತ್ತ ಕೋಳಿಯನ್ನು ಕೊಯ್ಯಬೇಡಿ, ಚೀಲದಲ್ಲಿ ಹಾಕಿಕೊಂಡು ಆಸ್ಪತ್ರೆಗೂ ಒಯ್ಯಬೇಡಿ. ಪಶು ಆಸ್ಪತ್ರೆಗೆ ಫೋನ್ ಮಾಡಿ, ಅವರೇ ಬಂದು ಮಾದರಿ ತೆಗೆಯಲಿ. ಖಚಿತ ತೀರ್ಪು ಬರುವುದು ಭೋಪಾಲದ ಉನ್ನತ ಭದ್ರತಾ ಪ್ರಯೋಗಾಲಯದಿಂದ.

ಕೋಳಿ ಕೊಳ್ಳುವವರು ಪ್ರಮಾಣಪತ್ರ ಕೈಗೆ ಬಂದಾಗ ಮೊದಲು ಸಹಿ, ಮೊಹರು ನೋಡುತ್ತಾರೆ. ನೋಡಬೇಕಾದ್ದು ರಕ್ತ ತೆಗೆದ ದಿನಾಂಕ, ವರದಿಯ ದಿನಾಂಕವಲ್ಲ; ಯಾವ ರೋಗ, ಯಾವ ಪರೀಕ್ಷೆ, ಯಾವ ಶೆಡ್, ಎಷ್ಟು ಕೋಳಿಯಲ್ಲಿ ಎಷ್ಟು. ‘ಕೋಳಿಗಳು ಆರೋಗ್ಯವಾಗಿವೆ’ ಎಂದಷ್ಟೇ ಬರೆದಿದ್ದರೆ ಅದು ಕಣ್ಣಿಗೆ ಕಂಡದ್ದರ ದಾಖಲೆ, ರಕ್ತದ್ದಲ್ಲ. ಸೋಂಕು ತಗುಲಿ ಪ್ರತಿಕಾಯ ಕಾಣಲು ವಾರ, ಹತ್ತು ದಿನ ಬೇಕಾದ್ದರಿಂದ ಪರೀಕ್ಷೆಯ ಹಿಂದಿನ ದಿನ ಹೊಕ್ಕ ರೋಗ ಯಾವ ಪತ್ರದಲ್ಲೂ ಇರುವುದಿಲ್ಲ. ಹಾಗಾಗಿ ಎಂಥ ಪತ್ರವಿದ್ದರೂ ಹೊಸ ಕೋಳಿಗಳನ್ನು 30 ದಿನ ಬೇರೆ ಗೂಡಿನಲ್ಲಿಟ್ಟು, ಕೊನೆಯಲ್ಲಿ ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಕಾಳು, ನೀರು ಹಾಕುವಾಗ ಹಳೆಯವು ಮೊದಲು, ಹೊಸವು ಆಮೇಲೆ. ಬಕೆಟ್ ಬೇರೆ, ಚಪ್ಪಲಿಯೂ ಬೇರೆ.